ಸೋಮವಾರದ ಚಲೋ ಸುದ್ದಿ

ಆ ಸೋಮವಾರ ವರದಿಯಲ್ಲಿ ಒಂದು ಸಾಲು ಕಡಿಮೆ ಇತ್ತು.

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿಗಿನ ಸೈಬರ್ ಕೆಫೆ ನನ್ನ ಚಿಕ್ಕಮ್ಮನ ಮಗ ಉಮರನದು. ಅಲ್ಲಿ ಮೂಲೆಯ ಕಂಪ್ಯೂಟರಿನ ಮುಂದೆ ಕೂತು ನಾನು ಆ ವರದಿಯ ಇ-ಮೇಲನ್ನು ಮತ್ತೆ ಓದಿದೆ. ‘ಅಂಚೆಪೆಟ್ಟಿಗೆಯಲ್ಲಿ ಜಾಗವಿದೆ’ ಎಂಬ ಸಾಲು ಹೋಗಿತ್ತು. ಬಸ್ಸಿನ ಸೀಟಿನಿಂದ ಒಬ್ಬ ಎದ್ದು ಹೋದರೆ ಉಳಿದವರು ಸರಿದು ಕೂಡುವ ಹಾಗೆ, ಅದರ ಮೇಲಿನ ಸಾಲೂ ಕೆಳಗಿನ ಸಾಲೂ ಏನೂ ಆಗದವರಂತೆ ಹತ್ತಿರ ಬಂದಿದ್ದವು.

“ಯಾಕ ನಗಾಕತ್ತಿ?” ಎಂದ ಉಮರ.

“ಹೊನ್ನವ್ವನ ಅಂಗಡಿಗೆ ಜಡ್ಡು ಬಂದೈತಿ.”

“ಲಗೂನ ದವಾಖಾನಿಗೆ ತೋರಸ್ರಿ ಅಂತ ಹೇಳು.”

“ಹೇಳಂಗಿಲ್ಲ,” ಎಂದೆ.

ಅದು ನನ್ನ ಸೇಡಿನ ಮೊದಲ ದಿನ. ಚಹಾ ತರಿಸಿದೆ. ಉಮರನಿಗೂ ಕುಡಿಸಿದೆ.

ಹೊನ್ನವ್ವ ಸೀರೆ ಮಂದಿರ ನಮ್ಮೂರ ಬಜಾರಿನ ದೊಡ್ಡ ಜವಳಿ ಅಂಗಡಿ. ಮಾಲೀಕರು ಪ್ರಭುಲಿಂಗಪ್ಪನವರು. ಹೊನ್ನವ್ವ ಅವರ ತಾಯಿ, ತೀರಿಕೊಂಡು ಬಹಳ ವರ್ಷವಾಯಿತು. ನಮ್ಮ ಅಬ್ಬಾ ಮೈನುದ್ದೀನ ಆ ಅಂಗಡಿಗೆ ಸೀರೆ ನೇಯುತ್ತಿದ್ದ. ಅಂಗಡಿಯವರು ನೂಲು ಕೊಡುತ್ತಿದ್ದರು, ಅಬ್ಬಾ ಮನೆಯ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತು ಅದನ್ನು ಸೀರೆ ಮಾಡಿ ಕೊಡುತ್ತಿದ್ದ. ಹೊನ್ನವ್ವಾಯಿ ಹೋದಾಗ ಅವರ ಮೈಮೇಲೆ ಹೊದಿಸಿದ್ದು ಅವನು ನೇಯ್ದ ಸೀರೆಯನ್ನೇ. ಮನೆಗೆ ಯಾರು ಬಂದರೂ ಅಬ್ಬಾ ಈ ಮಾತನ್ನು ಒಮ್ಮೆಯಾದರೂ ಹೇಳದೆ ಕಳಿಸುತ್ತಿರಲಿಲ್ಲ.

ನಾನು ಗದಗಿನಲ್ಲಿ ಬಿ.ಸಿ.ಎ. ಮುಗಿಸಿ ಬಂದಾಗ ಪ್ರಭುಲಿಂಗಪ್ಪನವರೇ ಕರೆದು ಅಂಗಡಿಗೆ ಒಂದು ವೆಬ್‌ಸೈಟ್ ಮಾಡು ಎಂದರು. ಆಗ ನಮ್ಮ ಕಡೆ ಯಾವ ಜವಳಿ ಅಂಗಡಿಗೂ ಸೈಟ್ ಇರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ, ಸೀರೆಯ ಗಂಟುಗಳ ನಡುವೆ, ನನಗೊಂದು ಕಂಪ್ಯೂಟರ್ ಇಟ್ಟುಕೊಟ್ಟರು. ಸೈಟಿಗೆ ಹೊನ್ನವ್ವನ ಹೆಸರನ್ನೇ ಇಟ್ಟೆವು. ಒಂದು ಪುಟದಲ್ಲಿ ಸೀರೆಗಳು, ಒಂದು ಪುಟದಲ್ಲಿ ಸೀರೆಯಂಚಿನ ದಡಿಗಳ ಬಗೆ, ಒಂದು ಪುಟದಲ್ಲಿ ನೇಕಾರರು. ಆ ಪುಟದಲ್ಲಿ ಮೊದಲ ಚಿತ್ರ ಅಬ್ಬಾನದು. ಲಾಳಿ ಹಿಡಿದ ಕೈ, ಅರ್ಧ ನೆರೆತ ಗಡ್ಡ, ಕೆಳಗೆ ಹೆಸರು.

ಅಬ್ಬಾ ಆ ಪುಟವನ್ನು ಹಾಳೆಯ ಮೇಲೆ ತೆಗೆಸಿಕೊಂಡು ಮಗ್ಗದ ಮೇಲಿನ ಗೋಡೆಗೆ ಅಂಟಿಸಿದ. ಪಕ್ಕದ ಮನೆಯ ನೇಕಾರ ಲಾಡಸಾಬ ಕಾಕಾ ಬಂದು ನೋಡಿ, “ಮುಗೀತಪಾ, ಇನ್ನ ನಿನ್ನ ಹಿಡಿಯಾವ್ರಿಲ್ಲ. ಇವತ್ತು ಗೋಡಿ ಮ್ಯಾಲ, ನಾಳಿ ನೋಟಿನ ಮ್ಯಾಲ,” ಎಂದು ಕಾಡಿದ. ಅಬ್ಬಾ ಗಡ್ಡದೊಳಗೆ ನಕ್ಕ.

ವೆಬ್‌ಸೈಟ್ ಎಂದರೆ ಮಾಡಿ ಬಿಟ್ಟರೆ ಮುಗಿಯುವುದಿಲ್ಲ. ಅದಕ್ಕೂ ದನಕ್ಕಿದ್ದಂತೆ ದಿನದ ನಿಗಾ ಬೇಕು. ಪ್ರತಿ ವಾರ ಅದು ತನ್ನ ಮೈಯನ್ನು ತಾನೇ ಮುಟ್ಟಿ ನೋಡಿಕೊಂಡು ವರದಿ ಕಳಿಸುವ ಹಾಗೆ ಒಂದು ಸಣ್ಣ ಪ್ರೋಗ್ರಾಂ ಬರೆದೆ. ಸೈಟ್ ತೆರೆಯುತ್ತಿದೆಯೇ, ಚಿತ್ರಗಳು ಕಾಣುತ್ತಿವೆಯೇ, ಬ್ಯಾಕಪ್ ಆಗಿದೆಯೇ, ಆರ್ಡರ್ ಫಾರ್ಮ್ ಕೆಲಸ ಮಾಡುತ್ತಿದೆಯೇ, ಸೈಟಿನ ಅಂಚೆಪೆಟ್ಟಿಗೆಯಲ್ಲಿ ಜಾಗವಿದೆಯೇ, ಹೆಸರಿನ ನೋಂದಣಿ ಚಾಲ್ತಿಯಲ್ಲಿದೆಯೇ, ಎಲ್ಲಕ್ಕೂ ಒಂದೊಂದು ಸಾಲು. ಸೋಮವಾರ ಬೆಳಿಗ್ಗೆ ಅದು ಪ್ರಭುಲಿಂಗಪ್ಪನವರ ಖಾಸಗಿ ಇ-ಮೇಲಿಗೆ ಬರುತ್ತಿತ್ತು. ಒಂದು ಪ್ರತಿ ನನಗೂ ಬರಲೆಂದು ನನ್ನ ವಿಳಾಸ ಸೇರಿಸಿದ್ದೆ.

ನಾನು ಅದನ್ನು ಯಾರೂ ಓದುವುದಿಲ್ಲ ಎಂದುಕೊಂಡಿದ್ದೆ. ಪ್ರಭುಲಿಂಗಪ್ಪನವರು ಅದನ್ನು ಪೂಜೆ ಮಾಡಿದರು.

ಖರೇ ಹೇಳುತ್ತೇನೆ. ಗುಮಾಸ್ತ ಶಿವನಪ್ಪ ಅಂಗಡಿ ತೆರೆದು ಕಸ ಹೊಡೆಸಿ, ಊದಿನಕಡ್ಡಿ ಹಚ್ಚಿ, ವರದಿಯನ್ನು ಹಾಳೆಯ ಮೇಲೆ ತೆಗೆದು ಗಾದಿಯ ಎದುರಿಗೆ ಇಡುತ್ತಿದ್ದ. ಪ್ರಭುಲಿಂಗಪ್ಪನವರು ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ಮೊದಲ ಗಿರಾಕಿ ಮೆಟ್ಟಿಲು ಹತ್ತಿ ಕೂತ ಮೇಲೆ, ಬೋಣಿ ಆಗುವ ಮುಂಚೆ, ಶಿವನಪ್ಪ ಅದನ್ನು ದೊಡ್ಡ ದನಿಯಲ್ಲಿ ಓದಬೇಕು. ಅಂಗಡಿ ಎಷ್ಟು ಮುಂದುವರಿದಿದೆ ಎಂಬುದು ಗಿರಾಕಿಗೆ ಕೇಳಬೇಕು. ಪ್ರಭುಲಿಂಗಪ್ಪನವರಿಗೆ ಓದಲು ಬರುತ್ತಿತ್ತು, ಆದರೆ ಗಾದಿಯ ಮೇಲೆ ಕೂತವನು ಓದುವುದಲ್ಲ, ಕೇಳುವುದು ಎಂಬುದು ಅವರ ನಂಬಿಕೆ. ಇನ್ನೊಂದು ನಂಬಿಕೆಯೂ ಇತ್ತು. ಕುಂಕುಮ ಹಚ್ಚಿದ ಹಾಳೆಯನ್ನು ಅರ್ಧಕ್ಕೆ ನಿಲ್ಲಿಸಬಾರದು. ಒಮ್ಮೆ ನಡುವೆ ವಿದ್ಯುತ್ ಹೋದಾಗ ಶಿವನಪ್ಪ ಕಂದೀಲು ತರಿಸಿ ಕಡೆಯ ಸಾಲಿನ ತನಕ ಓದಿದ್ದ.

ಒಂದು ಸೋಮವಾರ ಶಿರೋಳದಿಂದ ಮದುವೆಯ ಜವಳಿ ತೆಗೆಯಲು ಒಂದು ದೊಡ್ಡ ಮಂದಿ ಬಂತು. ಟೆಂಪೋ ತುಂಬ ಹೆಂಗಸರು. ಮದುಮಗಳ ಅಜ್ಜಿ ಮುದುಕವ್ವ ಗೋಡೆಗೆ ಒರಗಿ ಕೂತು ಎಲೆಯಡಿಕೆ ಚೀಲ ಬಿಚ್ಚಿದ್ದರು. ಶಿವನಪ್ಪ ಹಾಳೆ ಎತ್ತಿದ. “ಬ್ಯಾಕಪ್ ಆಗಿಲ್ಲ. ಎರಡು ಚಿತ್ರ ಕೆಟ್ಟಿವೆ,” ಎಂದು ಓದಿದ.

ಮುದುಕವ್ವನ ಕೈ ಚೀಲದಲ್ಲೇ ನಿಂತಿತು.

“ಏನಂದಿ? ಬೋಣಿ ಹೊತ್ತಿನಾಗ ಆಗಿಲ್ಲ, ಕೆಟ್ಟೈತಿ ಅಂತೀಯಲ್ಲೋ, ನಿನ್ನ ಬಾಯಾಗ ಮಣ್ಣ ಹಾಕ! ಏಳ್ರಿ ಎಲ್ಲಾರೂ. ನಮ್ಮ ಹುಡುಗಿ ಸೀರಿ ಈ ಅಂಗಡ್ಯಾಗ ಬ್ಯಾಡ.”

ಇಡೀ ಮಂದಿ ಎದ್ದು ರಸ್ತೆ ದಾಟಿ ಎದುರಿನ ಅಂಗಡಿಗೆ ಹೋಯಿತು. ಪ್ರಭುಲಿಂಗಪ್ಪನವರು ಹಿಂದಿನ ಕೋಣೆಗೆ ಬಂದರು. ಅವರ ಕಿವಿಯ ಹಾಲೆ ಕೆಂಪಾಗಿತ್ತು.

“ಏನವ್ವಾ ನಾಜಮೀನಾ, ನಿನ್ನ ಯಂತ್ರಕ್ಕ ಎಲ್ಲಿ ಏನು ಮಾತಾಡಬೇಕು ಅನ್ನೂದು ಗೊತ್ತಿಲ್ಲೇನು?”

“ಅದು ಇದ್ದದ್ದು ಇದ್ದಂಗ ಹೇಳತೈತ್ರಿ.”

“ಇದ್ದದ್ದು ಇದ್ದಂಗ ಹೇಳಿದ್ರ ಯಾರ ಮದುವಿ ಆಗ್ತಾವ? ಚಲೋ ಇದ್ದದ್ದಷ್ಟ ಬರಿ ಅಂತ ಹೇಳು ಅದಕ್ಕ. ಕೆಟ್ಟದ್ದು ಹಾಳಿ ಮ್ಯಾಲ ಬರಾಕ ಕೂಡದು.”

“ಮತ್ತ ಕೆಟ್ಟದ್ದು ನಿಮಗ ಹ್ಯಾಂಗ ತಿಳೀಬೇಕ್ರಿ?”

“ಮಧ್ಯಾಹ್ನ ಚಾ ಕುಡದ ಮ್ಯಾಲ ನೀ ಬಂದು ಕಿವಿಯಾಗ ಹೇಳು.”

ಅವತ್ತೇ ಪ್ರೋಗ್ರಾಂ ತಿದ್ದಿದೆ. ಯಾವುದು ಸರಿಯಿದೆಯೋ ಅದರ ಸಾಲು ಬರುತ್ತದೆ, ಸರಿಯಿಲ್ಲದ್ದರ ಸಾಲು ಬರುವುದಿಲ್ಲ. ಯಂತ್ರಕ್ಕೆ ಸುಳ್ಳು ಕಲಿಸಲಿಲ್ಲ, ಮೌನ ಕಲಿಸಿದೆ. ಮಧ್ಯಾಹ್ನ ಪ್ರಭುಲಿಂಗಪ್ಪನವರು ಕಪ್ಪು ಕೆಳಗಿಟ್ಟ ಮೇಲೆ ಹೋಗಿ, ಯಾವ ಸಾಲು ಬಂದಿಲ್ಲವೋ ಅದನ್ನು ಹೇಳುತ್ತಿದ್ದೆ. ಅವರು ಹೂಂ ಅನ್ನುತ್ತಿದ್ದರು, ನಾನು ದುರಸ್ತಿ ಮಾಡುತ್ತಿದ್ದೆ. ಬೆಳಿಗ್ಗೆ ಹಾಳೆ, ಮಧ್ಯಾಹ್ನ ಕಿವಿ. ಹೀಗೆ ಒಂದು ವರ್ಷದ ಮೇಲೆ ಚೆನ್ನಾಗಿಯೇ ನಡೆಯಿತು.

ಆಮೇಲೆ ಪುಣೆಯಿಂದ ಫೋನ್ ಬಂತು. ನಮ್ಮ ಕಡೆಯ ಹೆಣ್ಣುಮಗಳೇ, ಅಲ್ಲಿ ನೆಲೆಸಿದವರು. ಸೈಟಿನಲ್ಲಿರುವ ಮೈನುದ್ದೀನ ಅವರ ಕೈಯದೇ ಸೀರೆ ಬೇಕು ಎಂದರು. ಪ್ರಭುಲಿಂಗಪ್ಪನವರು ನಕ್ಕು ಆರ್ಡರ್ ತೆಗೆದುಕೊಂಡರು. ಬೆಳಗಾವಿಯಿಂದ ಇನ್ನೊಬ್ಬರು ಹಾಗೆಯೇ ಕೇಳಿದರು. ಆಗಲೂ ನಕ್ಕರು, ಆದರೆ ಹಲ್ಲು ಕಾಣಲಿಲ್ಲ. ಮತ್ತೊಬ್ಬರು ಅವರ ಮನೆಯ ವಿಳಾಸ ಕೊಡಿ, ನಾವೇ ಹೋಗಿ ಮಗ್ಗ ನೋಡುತ್ತೇವೆ ಎಂದಾಗ ಫೋನ್ ಇಟ್ಟು ನೇರ ನನ್ನ ಹತ್ತಿರ ಬಂದರು.

“ನೇಕಾರರ ಪುಟ ತಗದ ಬಿಡವಾ.”

“ಯಾಕ್ರಿ?”

“ಸೀರಿ ಅಂಗಡಿದು. ಅದರಾಗ ಮಂದಿ ಹೆಸರು ಯಾಕ?”

“ನೇದಾವ್ರ ಹೆಸರ್ರಿ, ಮಂದಿದಲ್ಲ.”

“ಉಣ್ಣೂ ಹೊತ್ತಿನಾಗ ಜ್ವಾಳ ಬೆಳದ ಒಕ್ಕಲಿಗನ ಹೆಸರು ಕೇಳಿ ಉಣ್ತಾರೇನು ಯಾರಾದರೂ? ತಗಿ.”

ನನ್ನ ಹೆಗಲ ಹಿಂದೆಯೇ ನಿಂತರು. ಅಳಿಸುವ ಮುಂಚೆ ಯಂತ್ರ ಕೇಳಿತು, ಖಚಿತವೇ ಎಂದು. ಯಂತ್ರಕ್ಕೆ ಇದ್ದಷ್ಟು ಮರ್ಯಾದೆ ಆ ಕೋಣೆಯಲ್ಲಿ ಬೇರೆ ಯಾರಿಗೂ ಇರಲಿಲ್ಲ. ಹೌದು ಎಂದು ಒತ್ತಿದೆ. ಅಬ್ಬಾನ ಗಡ್ಡ, ಲಾಳಿ, ಹೆಸರು, ಎಲ್ಲ ಹೋಯಿತು.

ವಾರ ಕಳೆಯುವುದರೊಳಗೆ ಅವರು ಹೇಳಿದರು. “ಇನ್ನ ನೀ ದಿನಾ ಬರೂದೇನೂ ಬೇಕಾಗಿಲ್ಲವಾ. ವರದಿ ತಾನ ಬರತೈತಿ. ನಮ್ಮ ತಮ್ಮನ ಮಗ ಸಂಗನಬಸವ ಹುಬ್ಬಳ್ಳ್ಯಾಗ ಕಂಪ್ಯೂಟರ್ ಕಲ್ತು ಬಂದಾನ. ಅವ ನೋಡ್ಕೊತಾನ.”

ನಾನು ಮಾಡಿದ ಯಂತ್ರವೇ ನನ್ನನ್ನು ಹೊರಗೆ ಕಳಿಸಿತು. ಬಾಗಿಲ ತನಕ ಬಂದವಳು ಒಂದು ಗಳಿಗೆ ನಿಂತೆ. ಆ ಹಾಳೆ ಒಳ್ಳೆಯದನ್ನು ಮಾತ್ರ ಹೇಳುತ್ತದೆ, ಉಳಿದದ್ದನ್ನು ಹೇಳುತ್ತಿದ್ದವಳು ನಾನು, ಇದನ್ನಾದರೂ ಸಂಗನಬಸವನಿಗೆ ತಿಳಿಸಿರಿ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಸಂಗನಬಸವ ನನ್ನ ಕುರ್ಚಿಯಲ್ಲಿ ಕೂತು ಎತ್ತರ ಸರಿಮಾಡಿಕೊಳ್ಳುತ್ತಿದ್ದ. ಆ ಮಾತನ್ನು ನುಂಗಿದೆ.

ಆದರೂ ಅದು ಇನ್ನೂ ಸೇಡಾಗಿರಲಿಲ್ಲ. ಬರೀ ಸಿಟ್ಟು. ಸೇಡಾದದ್ದು ಮುಂದಿನ ಶುಕ್ರವಾರ.

ನಮಾಜು ಮುಗಿಸಿ ಅಬ್ಬಾ ಲಾಡಸಾಬ ಕಾಕಾನನ್ನು ಕರೆದುಕೊಂಡು ಉಮರನ ಕೆಫೆಗೆ ಬಂದ. ಗೋಡೆಯ ಮೇಲಿನ ಹಾಳೆಯಲ್ಲಿ ಬಣ್ಣ ಇಲ್ಲ, ಯಂತ್ರದಲ್ಲಿ ನೋಡು ಹೇಗೆ ಕಾಣುತ್ತೇನೆ ಎಂದು ತೋರಿಸಲು. ನಾನು ಇನ್ನೂ ಅವನಿಗೆ ಹೇಳಿರಲಿಲ್ಲ. ಉಮರನಿಗೂ ಗೊತ್ತಿರಲಿಲ್ಲ. ಅವನು ಸೈಟ್ ತೆರೆದ; ನಾನು ಅಳಿಸಿದ ಪುಟದ ಜಾಗದಲ್ಲಿ ಹೊಸದೊಂದು ಬಂದಿತ್ತು. ಅಬ್ಬಾನ ಜಾಗದಲ್ಲಿ ಸಂಗನಬಸವ ಇದ್ದ. ಯಾರದೋ ಮಗ್ಗದ ಮುಂದೆ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ತಲೆಕೆಳಗಾದ ಲಾಳಿ. ಕುಣಿಯೊಳಗೆ ಕಾಲು ಇಳಿಬಿಡದೆ ದಂಡೆಯ ಮೇಲೆ ಚಕ್ಕಳಮಕ್ಕಳ ಹಾಕಿದ್ದ. ಕೆಳಗೆ ‘ನಮ್ಮ ಪರಂಪರೆ’ ಎಂದು ಬರೆದಿತ್ತು.

ಲಾಡಸಾಬ ಕಾಕಾ ನಕ್ಕೇ ಬಿಟ್ಟ. “ಕಾಲು ಮ್ಯಾಲ ಇಟಗೊಂಡು ಮೂಗಿಲೆ ನೇಯ್ತಾನೇನು ಇಂವ? ಏ ಮೈನೂ, ನೀ ಎಲ್ಲಿ ಅದೀಯೋ? ಇವನ ಹಿಂದ ಅಡಗಿಯೇನು?”

ಅಬ್ಬಾ ಪರದೆಯ ಹತ್ತಿರ ಮುಖ ತಂದು ನೋಡಿದ. ಹಿಂದೆ ಎಲ್ಲಾದರೂ ಇರಬಹುದೇನೋ ಎಂಬಂತೆ. ಎದ್ದು ಹೊರಟ. ಮನೆಗೆ ಬಂದ ಮೇಲೆ ಕೇಳಿದ.

“ನನ್ನ ತಗದಾವ್ರು ಯಾರ ಬೇಟಾ?”

“ಕೈ ನಂದು, ಅಬ್ಬಾ. ಮಾತು ಸಾವ್ಕಾರ್ರದು.”

ತಲೆಯಾಡಿಸಿದ. ಗೋಡೆಯ ಮೇಲಿನ ಹಾಳೆಯನ್ನು ಮೆಲ್ಲಗೆ ಬಿಡಿಸಿ ತೆಗೆದ. ಹರಿಯುತ್ತಾನೆ ಎಂದುಕೊಂಡೆ. ಹರಿಯಲಿಲ್ಲ. ತಿರುವಿ, ಮುಖವನ್ನು ಗೋಡೆಗೆ ಮಾಡಿ, ಮತ್ತೆ ಅಲ್ಲಿಯೇ ಅಂಟಿಸಿದ. ಅದರ ಬಿಳಿಯ ಬೆನ್ನಿನ ಕೆಳಗೆ ಕೂತು ಲಾಳಿ ಎಸೆಯತೊಡಗಿದ. ಅದು ಆ ಕಡೆಗೆ ಹೋಗಿ ಈ ಕಡೆಗೆ ಬರುವ ಸಪ್ಪಳ ಕೇಳುತ್ತ ನಾನು ಒಲೆಯ ಮುಂದೆ ಕೂತಿದ್ದೆ. ಆಗ ನಿಶ್ಚಯ ಮಾಡಿದೆ. ಹೊನ್ನವ್ವನ ಸೈಟಿಗೆ ಏನೇ ಆಗಲಿ, ನಾನು ಬೆರಳನ್ನೂ ಮುಟ್ಟಿಸುವುದಿಲ್ಲ, ಬಾಯನ್ನೂ ತೆರೆಯುವುದಿಲ್ಲ. ಅವರ ನಿಯಮ ಅವರನ್ನು ನುಂಗಲಿ. ಕೊನೆಗೆ ನೋಂದಣಿ ಮುಗಿದು ಆ ಹೆಸರೂ ಬೀಳುತ್ತದೆ. ಬಿದ್ದ ದಿನ ಅದನ್ನು ನಾನು ಎತ್ತಿಕೊಳ್ಳುತ್ತೇನೆ, ಅಬ್ಬಾನ ಮುಖವನ್ನು ಮತ್ತೆ ಅಲ್ಲಿಯೇ ಇಡುತ್ತೇನೆ.

ಆಮೇಲಿನ ಸೋಮವಾರಗಳೇ ನನ್ನ ಹಬ್ಬಗಳು. ಅಂಚೆಪೆಟ್ಟಿಗೆ ತುಂಬಿ ಅದರ ಸಾಲು ಮೊದಲು ಹೋಯಿತು. ಸೈಟಿನ ಅಂಚೆಪೆಟ್ಟಿಗೆಗೆ ಬರುತ್ತಿದ್ದ ಆರ್ಡರುಗಳೂ ಹೆಸರಿನ ನವೀಕರಣದ ನೆನಪೋಲೆಗಳೂ ಅಲ್ಲಿಂದ ಮುಂದೆ ಬಾಗಿಲಿಂದಲೇ ವಾಪಸಾದವು. ಬಳಿಕ ಬ್ಯಾಕಪ್ಪಿನ ಸಾಲು. ಆಮೇಲೆ ಆರ್ಡರ್ ಫಾರ್ಮು. ಚಿತ್ರಗಳ ಸಾಲು ಹೋದ ವಾರ ಉಮರನಿಗೆ ಮಂಡಕ್ಕಿ ಮಿರ್ಚಿ ಕೊಡಿಸಿದೆ.

“ಹಿಂಗ ಅದು ಸಾಯೂ ತನಕ ತಿನಸ್ತಿ ಏನು?” ಎಂದ.

“ಸತ್ತ ಮ್ಯಾಲ ಬಿರಿಯಾನಿ.”

“ಯಾ ಅಲ್ಲಾ, ನಿನಗ ಯಾವ ಗಂಡ ಸಿಗತಾನೋ. ಅವನ ಗತಿ ನೋಡಬೇಕಾತು.”

ಶಿವನಪ್ಪ ಒಂದು ದಿನ ತರಕಾರಿ ಪೇಟೆಯಲ್ಲಿ ಸಿಕ್ಕ. ಅಂಗಡಿಯಲ್ಲಿ ತಲೆ ನೆರೆಸಿಕೊಂಡ ಮನುಷ್ಯ. ಬದನೆಕಾಯಿ ತಿರುವಿ ನೋಡುತ್ತ, ನನ್ನ ಕಡೆ ನೋಡದೆ ಕೇಳಿದ. “ತಂಗೀ, ಹಾಳಿ ಸಣ್ಣದಾಗಾಕತ್ತೈತಲ್ಲ?”

“ಅದರಾಗ ಕೆಟ್ಟ ಮಾತು ಏನರ ಬಂದಾವೇನ್ರಿ ಕಾಕಾ?”

“ಇಲ್ಲವ್ವಾ. ಇದ್ದಷ್ಟೂ ಚಲೋನ.”

“ಸಾವ್ಕಾರ್ರು ಏನಂತಾರ?”

“ಖುಷಿಯಾಗ್ಯಾರ. ಮೊದಲ ಅಷ್ಟುದ್ದ ಪುರಾಣ ಬರ್ತಿತ್ತು, ಸಂಗಣ್ಣ ಬಂದ ಮ್ಯಾಲ ತಂಟೆ ಕಡಿಮಿ ಆತು ಅಂತಾರ.”

ಈಗ ನನ್ನ ಕಡೆ ನೋಡಿದ. ಬಹಳ ಹೊತ್ತು ನೋಡಿದ. ಬದನೆಕಾಯಿ ಚೀಲಕ್ಕೆ ಹಾಕಿಕೊಂಡು, ಟೋಪಿ ಸರಿಮಾಡಿಕೊಂಡು ಹೋದ. ಅವನಿಗೆ ತಿಳಿಯಿತೆಂದು ನನಗೆ ತಿಳಿಯಿತು. ಆದರೆ ಕೆಟ್ಟ ಸುದ್ದಿ ತಂದವನಿಗೆ ಆ ಅಂಗಡಿಯಲ್ಲಿ ಏನು ಸಿಗುತ್ತದೆ ಎಂಬುದನ್ನು ಅವನು ನನಗಿಂತ ಹೆಚ್ಚು ವರ್ಷ ನೋಡಿದ್ದ.

ಸೈಟನ್ನು ಯಾರೂ ತೆರೆದು ನೋಡಲಿಲ್ಲವೇ ಎಂದು ನೀವು ಕೇಳಬಹುದು. ವಾರ ವಾರ ವರದಿ ಬರುತ್ತಿರುವಾಗ ಯಾರು ನೋಡುತ್ತಾರೆ? ಜಾತಕ ಕೂಡಿಬಂದ ಮೇಲೆ ವರನ ಹಲ್ಲು ಎಣಿಸುತ್ತಾರೆಯೇ?

ಕಡೆಗೆ ಎರಡೇ ಸಾಲು ಉಳಿದವು. ‘ಸೈಟ್ ತೆರೆಯುತ್ತಿದೆ.’ ‘ಹೆಸರು ಚಾಲ್ತಿಯಲ್ಲಿದೆ.’ ಹೆಸರಿನ ಅವಧಿ ಮುಗಿದ ವಾರ ಎರಡೂ ಒಟ್ಟಿಗೆ ಹೋದವು. ಸೈಟ್ ಕೂತಿದ್ದ ಸರ್ವರಿನ ಬಾಡಿಗೆಯ ಅವಧಿ ಇನ್ನೂ ಉಳಿದಿದ್ದರಿಂದ ವರದಿ ಮಾತ್ರ ನಿಲ್ಲಲಿಲ್ಲ. ಮೇಲೆ ತಾರೀಕು, ಕೆಳಗೆ ಬಿಳಿ.

ಆ ಬಿಳಿಯ ಹಾಳೆಗೂ ಕುಂಕುಮ ಬಿತ್ತಂತೆ. ಶಿವನಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು, ಓದುವಷ್ಟು ಹೊತ್ತು ನಿಂತು, ಕೆಳಗಿಟ್ಟನಂತೆ. “ಒಂದೂ ತಂಟೆ ಇಲ್ಲ!” ಎಂದು ಪ್ರಭುಲಿಂಗಪ್ಪನವರು ಪೇಡೆ ತರಿಸಿ ಅಂಗಡಿಯವರಿಗೆಲ್ಲ ಹಂಚಿದರಂತೆ.

ಬಿದ್ದ ಹೆಸರು ಕೆಲವು ವಾರ ತನ್ನ ಹಳೆಯ ಒಡೆಯನಿಗಾಗಿ ಕಾಯುತ್ತದೆ. ಅವನು ಬರದಿದ್ದರೆ ಆಮೇಲೆ ಮೊದಲು ಕೇಳಿದವರ ಪಾಲು. ನಾನು ಬಿಳಿ ಹಾಳೆಗಳನ್ನು ನೋಡುತ್ತ ಕಾದೆ. ಒಬ್ಬ ವರ್ತಕನಿಗೆ ಎಷ್ಟು ಅವಕಾಶ ಸಿಗಬೇಕೋ ಅಷ್ಟೂ ಸಿಕ್ಕಿತು. ಯಾರೂ ಬರಲಿಲ್ಲ. ಉಮರನ ಕಾರ್ಡಿನಿಂದ ಹೆಸರು ಕೊಂಡೆ. ಇಡೀ ಪುಟದ ತುಂಬ ಅಬ್ಬಾನ ಚಿತ್ರ ಇಟ್ಟೆ. ಕೆಳಗೆ ದೊಡ್ಡ ಅಕ್ಷರದಲ್ಲಿ ಬರೆದೆ: ‘ಈ ಸೀರೆಗಳನ್ನು ನೇಯ್ದವನು ಇವನು.’ ಉಮರನಿಗೆ ಬಿರಿಯಾನಿ ಕೊಡಿಸಿದೆ.

ಯಾರಿಗೂ ಹೇಳಲಿಲ್ಲ. ಅಬ್ಬಾನಿಗೂ ಇಲ್ಲ. ಪ್ರಭುಲಿಂಗಪ್ಪನವರೇ ಕಾಣಲಿ, ಮಂದಿಯ ನಡುವೆ ಕಾಣಲಿ ಎಂದು ನನ್ನ ಆಸೆ. ಆಸೆ ಈಡೇರಿತು. ನರಗುಂದದಲ್ಲಿ ಸುತ್ತಲಿನ ಜವಳಿ ವ್ಯಾಪಾರಸ್ಥರೆಲ್ಲ ಕೂಡಿದ ಒಂದು ಸಭೆ. ಇಂಟರ್ನೆಟ್ಟಿನಲ್ಲಿ ವ್ಯಾಪಾರ ಮಾಡುವುದು ಹೇಗೆ ಎಂದು ಪ್ರಭುಲಿಂಗಪ್ಪನವರು ಮಾತಾಡುವುದಿತ್ತು. ಅಲ್ಲಿಂದ ಬಂದ ಸಂಜೆಯೇ ಶಿವನಪ್ಪ ನಮ್ಮ ಮನೆಯ ಕಟ್ಟೆಗೆ ಬಂದು ಕೂತ. ನೀರು ಬೇಡಿ ಕುಡಿದ. ಮೀಸೆ ಒರೆಸಿಕೊಂಡ.

“ಗೋಡಿ ತುಂಬ ಬೆಳಕು ಬಿಟ್ರವಾ. ಸಂಗಣ್ಣ ಹೊನ್ನವ್ವಾಯಿ ಹೆಸರು ಒತ್ತಿದ. ಬಂತು ನೋಡು ನಿಮ್ಮಪ್ಪನ ಮಾರಿ, ಹಿಂಗ, ಬಾಗಲದಷ್ಟು! ಯಾರಿಗೂ ಉಸರಿಲ್ಲ. ರೋಣದ ವ್ಯಾಪಾರಿ ಒಬ್ಬಾವ ಹಿಂದಿನಿಂದ ಕೂಗಿದ, ‘ಸಾವ್ಕಾರ್ರ, ಯಾವಾಗ ಗಡ್ಡಾ ಬಿಟ್ರಿ?’ ಅಂತ. ಇಡೀ ಸಭಾ ಬಿದ್ದು ಬಿದ್ದು ನಗ್ತು.”

“ಸಾವ್ಕಾರ್ರು?”

“ಅವರೂ ನಕ್ಕರು. ನಗಲಿಲ್ಲ ಅಂದ್ರ ಹ್ಯಾಂಗ? ಆಮ್ಯಾಲ ಗಾಡ್ಯಾಗ ಕುಂತು ಗಜೇಂದ್ರಗಡಕ್ಕ ಬರೂ ತನಕ ಒಂದ ಮಾತಾಡಲಿಲ್ಲ.”

ನಾನು ಒಳಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಮಗ್ಗದ ಸಪ್ಪಳ ನಿಂತಿತ್ತು. ಅಬ್ಬಾ ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಉಮರನ ಹತ್ರ ಕರಕೊಂಡ ನಡಿ. ನಾ ನೋಡಬೇಕು,” ಎಂದ.

ನೋಡಿದ. ಕುರ್ಚಿಯಲ್ಲಿ ಕೂಡದೆ ನಿಂತುಕೊಂಡೇ ನೋಡಿದ. ಮೇಲಿನ ಸಾಲಿನ ಆ ಹೆಸರನ್ನು ಬೆರಳಿನಿಂದ ತೋರಿಸಿ, ಇದೇನು ಬರೆದಿದೆ ಎಂದು ಕೇಳಿದ. ಹೊನ್ನವ್ವ ಎಂದೆ. ಬೆರಳು ತೆಗೆದು ಹೊರಗೆ ನಡೆದ.

ಮರುದಿನ ಬೆಳಿಗ್ಗೆ ಪ್ರಭುಲಿಂಗಪ್ಪನವರೇ ಬಂದರು. ನಮ್ಮ ಮನೆಯ ಬಾಗಿಲು ಗಿಡ್ಡ. ತಲೆ ಬಗ್ಗಿಸಿ ಒಳಗೆ ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಮಗ್ಗದ ಪಕ್ಕ ನಿಂತರು. ಹಿಂದೆ ಶಿವನಪ್ಪ ಇದ್ದ. ಅಬ್ಬಾ ಕುಣಿಯಲ್ಲಿ ಕೂತಿದ್ದ, ಏಳಲಿಲ್ಲ.

“ನಾಜಮೀನಾ, ಇದೇನವಾ ಇದು? ಪ್ರತಿ ಸೋಮವಾರ ವರದಿ ಬಂದಾವು. ಒಂದರಾಗರ ಕೆಟ್ಟ ಮಾತು ಇತ್ತೇನು?”

“ಇರಲಿಲ್ರಿ. ಬ್ಯಾಡಂದಾವ್ರು ನೀವ.”

“ನೀ ಕಿವಿಯಾಗ ಹೇಳ್ತಿದ್ದೆಲ್ಲ?”

“ನಿಮ್ಮ ಕಿವಿ ಹತ್ರ ಬರೂದು ಬ್ಯಾಡ ಅಂದಿರಿ. ವರದಿ ತಾನ ಬರತೈತಿ ಅಂದಿರಿ.”

“ಖಾಲಿ ಹಾಳಿ ಬಂತಲ್ಲ! ಆವಾಗರ…”

“ಆವಾಗ ಪೇಡೆ ಹಂಚಿದ್ರಂತ.”

ಶಿವನಪ್ಪ ಕೆಮ್ಮಿದ. ಪ್ರಭುಲಿಂಗಪ್ಪನವರು ಅಂಗವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು.

“ಎಷ್ಟ ಬೇಕು ಹೇಳು. ನಮ್ಮವ್ವನ ಹೆಸರು ತಿರಗಿ ಕೊಡು.”

“ಹೆಸರಿನಾಗ ಏನೈತ್ರಿ? ಉಣ್ಣೂ ಹೊತ್ತಿನಾಗ ಹೆಸರು ಕೇಳ್ತಾರೇನು ಯಾರಾದರೂ?”

ಇದಕ್ಕಾಗಿಯೇ ನಾನು ಅಷ್ಟೂ ಸೋಮವಾರ ಕಾದಿದ್ದು. ಅವರ ಮುಖ ನೋಡಿದೆ. ಇಡೀ ಜೀವಮಾನ ಚಲೋ ಮಾತನ್ನಷ್ಟೇ ಕೇಳಿದ ಮುಖ, ಕೆಟ್ಟದ್ದನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ಅದಕ್ಕೆ ತಿಳಿದಿರಲಿಲ್ಲ. ಆ ಮುಖವನ್ನು ಇನ್ನಷ್ಟು ಹೊತ್ತು ನೋಡುವುದು ನನಗೆ ಬೇಕಿತ್ತು.

“ಕೊಟ್ಟ ಬಿಡು,” ಎಂದ ಅಬ್ಬಾ.

“ಅಬ್ಬಾ!”

“ನಿನ್ನೆ ನೋಡಿದೆ. ಹೊನ್ನವ್ವಾಯಿ ಹೆಸರಿನ ಕೆಳಗ ನನ್ನ ಮಾರಿ. ಮೊದಲೂ ಹಂಗ ಇತ್ತು, ಈಗೂ ಹಂಗ ಐತಿ. ಅವರ ಅಂಗಡ್ಯಾಗ ಕುಂತಂಗಾತು. ಒಮ್ಮಿ ಅವರು ಎಬ್ಬಿಸಿದ್ರು, ಈಗ ನೀ ಕುಂಡ್ರಿಸಿದಿ.” ಲಾಳಿಯನ್ನು ಕೈಯಲ್ಲಿ ತಿರುವಿದ. “ನನಗ ನಂದ ಜಗಾ ಬೇಕು.”

“ಮೈನುದ್ದೀನಣ್ಣಾ…” ಎಂದರು ಪ್ರಭುಲಿಂಗಪ್ಪನವರು. ಅವರ ಬಾಯಿಂದ ಆ ಅಣ್ಣ ಎಂಬ ಮಾತು ಬಂದದ್ದು ಅದೇ ಮೊದಲು.

“ನೀವು ಸುಮ್ಮನಿರ್ರಿ ಸಾವ್ಕಾರ್ರ. ನಾ ನಿಮ್ಮ ಸಲುವಾಗಿ ಅಂದದ್ದಲ್ಲ.”

ನನಗೆ ಸಿಟ್ಟು ಬಂತು. ಅಬ್ಬಾ ಹೇಳಿದ್ದು ಖರೇ, ಅದಕ್ಕೇ ಇನ್ನೂ ಹೆಚ್ಚು ಬಂತು. ಕೊಡುತ್ತೇನೆ ಎಂದೆ. ಆದರೆ ಬರಿಗೈಯಲ್ಲಿ ಕೊಡಲು ನಾನು ಅಬ್ಬಾ ಅಲ್ಲ.

“ರೊಕ್ಕ ಬ್ಯಾಡ್ರಿ. ಒಂದ ಮಾತು. ಸೋಮವಾರದ ವರದಿ ಇನ್ನ ಮುಂದ ನಾ ಕಳಸ್ತೀನಿ. ಶಿವನಪ್ಪ ಕಾಕಾ ಮೊದಲಿನಂಗ ಕುಂಕುಮ ಹಚ್ಚಿಸಿ, ಗಿರಾಕಿ ಮುಂದ, ಕಡೀ ಸಾಲಿನ ತನಕ ಓದಬೇಕು.”

ಅವರು ಅನುಮಾನದಿಂದ ನೋಡಿದರು. “ಅದರಾಗ ಕೆಟ್ಟ ಮಾತು?”

“ಒಂದೂ ಇರಂಗಿಲ್ರಿ. ನಿಮ್ಮ ಕಟ್ಟಳೆ ನಾ ಮುರಿಯಂಗಿಲ್ಲ.”

“ಇಷ್ಟನೇನು?”

“ಇಷ್ಟ.”

“ಅವ್ವನ ಆಣಿ, ಓದಸ್ತೀನಿ,” ಎಂದರು. ಅಷ್ಟರಲ್ಲೇ ಪಾರಾದೆವೆಂದು ಉಸಿರು ಬಿಟ್ಟದ್ದು ನನಗೂ ಕೇಳಿತು. ಬಾಗಿಲಲ್ಲಿ ತಲೆ ಬಗ್ಗಿಸಲು ಮರೆತು ಹಣೆ ಬಡಿಸಿಕೊಂಡರು.

ಹೆಸರು ಅವರಿಗೆ ಹೋಯಿತು. ಸಂಗನಬಸವನ ಚಿತ್ರವನ್ನು ಅವರೇ ತೆಗೆಸಿದರು. ಆ ಗೊಡವೆ ನನಗಿರಲಿಲ್ಲ. ನಾನು ಅಬ್ಬಾನ ಹೆಸರಿನಲ್ಲಿ ಹೊಸ ಸೈಟ್ ಕಟ್ಟುತ್ತಿದ್ದೆ. ಲಾಡಸಾಬ ಕಾಕಾನೂ ಸೇರಿದ. ಇಲಕಲ್ಲಿಗೆ ಹೋಗಿ ನೂಲನ್ನು ನಾವೇ ತಂದೆವು. ಪುಣೆಯ ಆ ಹೆಣ್ಣುಮಗಳು ನೇರವಾಗಿ ಬರೆದರು. ಹೊಸ ಪುಟವನ್ನು ಹಾಳೆಯ ಮೇಲೆ ತೆಗೆದುಕೊಟ್ಟಾಗ ಅಬ್ಬಾ ಗೋಡೆಯ ಮೇಲಿನ ಹಳೆಯದನ್ನು ಕೀಳಲಿಲ್ಲ. ಅದರ ಬಿಳಿ ಬೆನ್ನಿನ ಮೇಲೇ ಹೊಸದನ್ನು ಅಂಟಿಸಿದ.

ಮದುವೆಯ ಕಾಲ ಬಂತು. ಆ ಸೋಮವಾರ ಮುಂಜಾನೆ ನಾನು ಹೊನ್ನವ್ವನ ಅಂಗಡಿಯ ಎದುರಿನ ಬಳೆಗಾರನ ಕಟ್ಟೆಯ ಮೇಲೆ ಕೂತು, ಬೇಡದ ಬಳೆಗಳನ್ನು ಏರಿಸಿ ಇಳಿಸಿ ನೋಡುತ್ತಿದ್ದೆ. ಮತ್ತೆ ಶಿರೋಳದ ಟೆಂಪೋ ಬಂದು ನಿಂತಿತ್ತು. ಇನ್ನೊಬ್ಬ ಮೊಮ್ಮಗಳ ಮದುವೆ. ಹೋದ ಸಲ ಎದುರಿನ ಅಂಗಡಿಯಲ್ಲಿ ಕೊಂಡ ಸೀರೆಗಳು ಬಣ್ಣ ಬಿಟ್ಟಿದ್ದವಂತೆ. ಮುದುಕವ್ವ ಅದೇ ಗೋಡೆಗೆ ಒರಗಿ, ಅದೇ ಎಲೆಯಡಿಕೆ ಚೀಲ ಬಿಚ್ಚಿಕೊಂಡು ಕೂತರು.

“ಈ ಸಲ ಚಲೋ ಮಾತಾಡ್ರಿ ಮತ್ತ,” ಎಂದರು.

“ಎಲ್ಲಾ ಚಲೋನ ಆಯೀ, ಕೇಳ್ರಿ ಬೇಕಾದರ,” ಎಂದು ಪ್ರಭುಲಿಂಗಪ್ಪನವರು ಹಾಳೆಗೆ ಕುಂಕುಮ ಹಚ್ಚಿ ಶಿವನಪ್ಪನ ಕೈಗೆ ಕೊಟ್ಟರು.

ಶಿವನಪ್ಪ ಕನ್ನಡಕ ಏರಿಸಿಕೊಂಡ. ಬೀದಿಗೆ ಕೇಳುವ ದನಿ ಅವನದು.

“ಸೈಟ್ ತೆರೆಯುತ್ತಿದೆ. ಚಿತ್ರಗಳು ಕಾಣುತ್ತಿವೆ. ಬ್ಯಾಕಪ್ ಆಗಿದೆ. ಹೊನ್ನವ್ವ ಎಂಬ ಹೆಸರು ಚಾಲ್ತಿಯಲ್ಲಿದೆ.”

ಪ್ರಭುಲಿಂಗಪ್ಪನವರು ತಲೆದೂಗಿದರು. ಮುದುಕವ್ವನೂ ತಲೆದೂಗಿ ಎಲೆಗೆ ಸುಣ್ಣ ಸವರಿದರು.

“ನೇಕಾರ ಮೈನುದ್ದೀನ ಅವರ ಸ್ವಂತ ಸೈಟ್ ಆರಂಭವಾಗಿದೆ. ಆರೋಗ್ಯವಾಗಿದೆ.”

ತಲೆದೂಗುವುದು ನಿಂತಿತು.

“ಪುಣೆಯ ಆರ್ಡರ್ ನೇರವಾಗಿ ಅವರ ಮನೆಗೆ ಬಂದಿದೆ. ಲಾಡಸಾಬ ಅವರ ಮಗ್ಗವೂ ಚೆನ್ನಾಗಿ ನಡೆದಿದೆ. ಹೊನ್ನವ್ವಾಯಿಯವರಿಗೆ ಹೊದಿಸಿದ ಸೀರೆಯನ್ನು ನೇಯ್ದ ಕೈ ಗಟ್ಟಿಯಾಗಿದೆ. ಮದುವೆಯ ಸೀರೆ ನೇಯುತ್ತಿದೆ.”

ಪ್ರಭುಲಿಂಗಪ್ಪನವರ ಬಾಯಿ ತೆರೆಯಿತು. ನಿಲ್ಲಿಸು ಎನ್ನಲು. ಆದರೆ ಹಾಳೆಯ ನೆತ್ತಿಯ ಮೇಲೆ ಅವರೇ ಹಚ್ಚಿದ ಕುಂಕುಮ ಇತ್ತು, ಅವ್ವನ ಆಣೆ ಇತ್ತು, ಮೇಲಾಗಿ ಅದರಲ್ಲಿ ಒಂದಾದರೂ ಕೆಟ್ಟ ಮಾತು ಇರಲಿಲ್ಲ. ನಿಲ್ಲಿಸು ಎಂದರೆ ಆ ಅಂಗಡಿಯಲ್ಲಿ ಅವತ್ತು ಆಡಿದ ಮೊದಲ ಕೆಟ್ಟ ಮಾತು ಅದೇ ಆಗುತ್ತಿತ್ತು. ಬೋಣಿ ಇನ್ನೂ ಆಗಿರಲಿಲ್ಲ. ಬಾಯಿ ಹಾಗೆಯೇ ಮುಚ್ಚಿಕೊಂಡಿತು.

“ಮೈನುದ್ದೀನ ಅವರ ಫೋನ್ ಕೆಲಸ ಮಾಡುತ್ತಿದೆ,” ಎಂದು ಶಿವನಪ್ಪ ಮುಂದುವರಿಸಿದ. ನಂಬರನ್ನು ಒಂದೊಂದೇ ಅಂಕಿಯಾಗಿ, ನಡುವೆ ಉಸಿರು ಬಿಟ್ಟು, ಯಾವ ಅಂಕಿಗೂ ಅನ್ಯಾಯವಾಗದಂತೆ ಓದಿದ. ಹಾಳೆ ಮಡಚಿದ.

ಮುದುಕವ್ವ ಎಲೆಯನ್ನು ಬಾಯಿಗಿಟ್ಟುಕೊಂಡು ಅಗಿದರು.

“ಏ ತಮ್ಮಾ, ಭಾಳ ಚಲೋ ಓದಿದಿ. ಆ ಕಡೀದು ನಂಬರ ಇನ್ನೊಮ್ಮಿ ಓದು. ಏ ಹುಡುಗೀ, ನಿನ್ನ ಮೊಬೈಲಿನ್ಯಾಗ ಬರಕೋ.”

ಶಿವನಪ್ಪ ಗಾದಿಯ ಕಡೆ ನೋಡಿದ. ಇಡೀ ಟೆಂಪೋದ ಹೆಂಗಸರು ಗಾದಿಯ ಕಡೆ ನೋಡಿದರು. ಬಳೆಗಾರನ ಕಟ್ಟೆಯಿಂದ ನಾನೂ ನೋಡಿದೆ. ಬೋಣಿಯ ಹೊತ್ತಿನಲ್ಲಿ ಗಿರಾಕಿಗೆ ಇಲ್ಲ ಎನ್ನಬಾರದು.

“ಓದು,” ಎಂದರು ಪ್ರಭುಲಿಂಗಪ್ಪನವರು.